ಪೂಜೆಗೆ ಕುಳಿತ ಇಂಜೆಕ್ಟರುಗಳು

ಡೀಸೆಲ್ ಗಾಡಿ ಕೆಟ್ಟಿತೆಂದರೆ ನಮ್ಮ ಹುಬ್ಬಳ್ಳಿಯ ಜನಕ್ಕೆ ಮೊದಲು ಸಂಶಯ ಬರುವುದು ಪಂಪಿನ ಮೇಲೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಹೊಗೆ ಬಂದರೆ ಪಂಪು, ಸದ್ದು ಬಂದರೆ ಪಂಪು, ಮುಂಜಾನೆ ಶುರುವಾಗದಿದ್ದರೂ ಪಂಪು. ಆ ಪಂಪು ಕಳಿಸಿದ ಎಣ್ಣೆಯನ್ನು ಎಂಜಿನ್ನಿನೊಳಗೆ ಚಿಮ್ಮಿಸುವ ಇಂಜೆಕ್ಟರ್ ಎಂಬುದೊಂದಿದೆ, ಅದರ ಮೂತಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿವೆ, ಒಂದು ಕಣ ಕಸ ಸಿಕ್ಕಿಕೊಂಡರೂ ಅದು ಚಿಮ್ಮುವುದನ್ನು ಬಿಟ್ಟು ಕೂಸಿನ ಹಾಗೆ ಜೊಲ್ಲು ಸುರಿಸುತ್ತದೆ ಎಂದು ನಾನು ವಿವರಿಸಿ ಹೇಳಿದರೆ, ಎಲ್ಲ ಕೇಳಿಸಿಕೊಂಡು, “ಅದೆಲ್ಲಾ ಇರ್ಲಿ ಶಾಹಿದಭಾಯ್, ಪಂಪ್ ಬಿಚ್ಚಿ ನೋಡು” ಎನ್ನುತ್ತಾರೆ. ನನಗೆ ಸಿಟ್ಟು ಬರುತ್ತದೆ. ನನಗೆ ಸಿಟ್ಟು ಬರುವುದು ನಮ್ಮ ಬೆಂಗೇರಿ ಓಣಿಗೆಲ್ಲ ಗೊತ್ತಿರುವ ಸಂಗತಿ, ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ದಸರೆಯ ಅಷ್ಟಮಿಯ ಸಂಜೆ ದ್ಯಾಮಣ್ಣ ತನ್ನ ಬಾಡಿಗೆ ಜೀಪನ್ನು ವರ್ಕ್‌ಶಾಪಿನೊಳಗೆ ತಂದು ನಿಲ್ಲಿಸಿದಾಗಲೂ ಇದೇ ಕಥೆ. ಜೀಪಿನ ಹಿಂದೆ ಎಷ್ಟು ಹೊಗೆ ಎದ್ದಿತ್ತೆಂದರೆ ಎದುರಿನ ಹಿಟ್ಟಿನ ಗಿರಣಿಯವನು ಬಾಗಿಲು ಮುಂದೆ ಮಾಡಿಕೊಂಡ.

“ಪಂಪ್ ಹೋಗೇತಿ ಶಾಹಿದಾ. ನಾಡದ ಮುಂಜಾನಿಗೆ ಗಾಡಿ ತಯಾರ ಇರಬೇಕು ನೋಡು.”

“ಪಂಪ್ ಅಲ್ಲ, ನಿನ್ನ ತಲಿ ಹೋಗೇತಿ. ನಾಳಿ ಖಂಡೆಪೂಜಿ. ಹಬ್ಬ ಮುಗಿಸಿ ತಗೊಂಡು ಬಾ.”

“ಹಬ್ಬ ಮುಗದಮ್ಯಾಲೆ ಬಂದು ಏನ್ ಮಾಡ್ಲಿ? ದಶಮಿ ದಿನಾನ ಸೌಂದರ್ಯಾನ್ನ ಕರಕೊಂಡು ಬರಬೇಕು.”

ಸೌಂದರ್ಯಾ ದ್ಯಾಮಣ್ಣನ ಒಬ್ಬಳೇ ಮಗಳು. ಕುಂದಗೋಳದ ಆಚೆಯ ಊರಿಗೆ ಕೊಟ್ಟಿದ್ದಾರೆ. ಅವಳ ಮೊದಲ ಬಸಿರು ನಿಲ್ಲಲಿಲ್ಲ. ಈಗ ಮತ್ತೆ ಒಂಬತ್ತರಲ್ಲಿ ಬಿದ್ದಿದೆ, ಬಾಣಂತನಕ್ಕೆ ತವರಿಗೆ ತರಬೇಕು. ದಶಮಿ ಎಂದರೆ ಮುಹೂರ್ತ ಕೇಳಬೇಕಾಗಿಲ್ಲದ ದಿನ, ಆ ದಿನವೇ ಕಳಿಸುತ್ತೇವೆಂದು ಬೀಗರು ಹೇಳಿದ್ದಾರೆ. ಆದರೆ ಸೀಮಂತದ ಕುಬಸ ಮಾಡಲು ಹೋದಾಗ ಇದೇ ಜೀಪು ಬೀಗರ ಮನೆಯ ಮುಂದೆಯೇ ಹೊಗೆ ಕಾರಿ ನಿಂತುಬಿಟ್ಟಿತ್ತು. “ಈ ಹೊಗಿಬಂಡ್ಯಾಗ ನಮ್ಮ ಸೊಸಿನ್ನ ಕಳಸೂದಿಲ್ರಿ” ಎಂದು ಅವರು ನಗುತ್ತಲೇ ಅಂದರಂತೆ. ಬೈದ ಮಾತಾದರೂ ಮರೆತುಹೋಗುತ್ತದೆ, ಬೀಗರು ನಗುತ್ತ ಅಂದ ಮಾತು ಮರೆಯುವುದಿಲ್ಲ.

“ಬ್ಯಾರೆ ಯಾರದರ ಗಾಡಿ ತಗೊಂಡು ಹೋಗು” ಎಂದೆ.

“ಮಂದಿನ್ನೆಲ್ಲಾ ಊರೂರಿಗೆ ಮುಟ್ಟಸಾಂವ ನಾನು. ನನ್ನ ಮಗಳನ್ನ ಮಂದಿ ಗಾಡ್ಯಾಗ ತರ್ಲೇನು?”

ಒಪ್ಪಿಕೊಂಡೆ. ನನ್ನ ಅಬ್ಬಾ ರಸೂಲಸಾಬ ಇದ್ದಿದ್ದರೆ ಒಪ್ಪುತ್ತಿರಲಿಲ್ಲ. ಖಂಡೇಪೂಜೆಯ ದಿನ ವರ್ಕ್‌ಶಾಪಿನಲ್ಲಿ ಬಿಚ್ಚಿದ ಎಂಜಿನ್ ಇರಕೂಡದು ಎಂಬುದು ಅಬ್ಬಾನ ನೇಮ. ಅಷ್ಟಮಿಯ ಹೊತ್ತಿಗೆ ಎಲ್ಲ ಗಾಡಿ ಮುಚ್ಚಿ, ಹೊರಗೆ ಕಳಿಸಿ, ನೆಲ ತೊಳೆದು, ನಟ್ಟು ಬಿಚ್ಚುವ ಪಾನಾ, ಸ್ಕ್ರೂಡ್ರೈವರುಗಳನ್ನು ಸೀಮೆಎಣ್ಣೆಯಲ್ಲಿ ತಿಕ್ಕಿ ಸಾಲಾಗಿ ಇಡುತ್ತಿದ್ದ. ಅದು ಶಿಸ್ತಿನ ಮನುಷ್ಯನ ಹುಚ್ಚು ಎಂದೇ ನಾನು ತಿಳಿದಿದ್ದೆ. ಕಳೆದ ರಮಜಾನಿಗೆ ಅಬ್ಬಾ ತೀರಿಕೊಂಡ. ಇದು ಅವನಿಲ್ಲದ ಮೊದಲ ದಸರೆ.

ಖಂಡೇಪೂಜೆಯಲ್ಲಿ, ಅಂದರೆ ಆಯುಧಪೂಜೆಯಲ್ಲಿ, ಕಸುಬಿನ ಸಾಮಾನುಗಳನ್ನು ನವಮಿಯ ದಿನ ಪೂಜೆಗೆ ಕೂರಿಸುತ್ತಾರೆ, ದಶಮಿಯ ಮುಂಜಾನೆ ಎಬ್ಬಿಸುತ್ತಾರೆ. ನಡುವೆ ಅವನ್ನು ಯಾರೂ ಮುಟ್ಟುವುದಿಲ್ಲ. ವರ್ಷವೆಲ್ಲ ದುಡಿದವು ಒಂದು ದಿನ ಮಲಗಲಿ ಎಂದು. ಮುಸಲ್ಮಾನರ ವರ್ಕ್‌ಶಾಪಿನಲ್ಲಿ ಇದೇನು ಎಂದು ಹೊಸಬರು ಕೇಳುತ್ತಾರೆ. ಈ ಜಾಗ ನಮ್ಮದಲ್ಲ, ದ್ಯಾಮಣ್ಣನ ಅಣ್ಣ ಫಕ್ಕೀರಪ್ಪನದು, ಅವರ ಕೂಡುಕುಟುಂಬದ ಮನೆಯ ಅಂಗಳವೇ ನಮ್ಮ ವರ್ಕ್‌ಶಾಪು. ಫಕ್ಕೀರಪ್ಪ ಲಾರಿ ಓಡಿಸುತ್ತಿದ್ದ, ಅಬ್ಬಾ ಅದನ್ನು ರಿಪೇರಿ ಮಾಡುತ್ತಿದ್ದ. ಪ್ರತಿ ವರ್ಷ ಫಕ್ಕೀರಪ್ಪ ಮತ್ತು ಅವನ ಹೆಂಡತಿ ಕಾಳವ್ವ ಬಂದು ಪೂಜೆ ಮಾಡಿ, ಕಾಯಿ ಒಡೆದು, ನಮಗೆಲ್ಲ ಹೋಳಿಗೆ ಹಂಚುತ್ತಿದ್ದರು. ನಾನು ಹುಟ್ಟುವ ಮೊದಲಿಂದಲೂ ಹೀಗೆ.

ಫಕ್ಕೀರಪ್ಪ ಸತ್ತ ವರ್ಷ ಕಾಳವ್ವ ಬರಲಿಲ್ಲ. ಅಬ್ಬಾ ಅವರ ಬಾಗಿಲಿಗೆ ಹೋಗಿ ನಿಂತ. ಹಿಂದೆ ನಾನಿದ್ದೆ.

“ವೈನಿ, ಪಾನಾ ತೊಳದು ಇಟ್ಟೇನಿ, ಬರ್ರಿ.”

“ರಸೂಲಣ್ಣಾ, ನಾ ಇನ್ನ ಕುಂಕಮ ಮುಟ್ಟಬಾರದು. ನಮ್ಮ ನೆಗೆಣ್ಣಿ ರತ್ನಾನ್ನ ಕರಕೊಂಡು ಹೋಗು.”

“ನನ್ನ ಪಾನಾಗಳಿಗೆ ಮುತ್ತೈದಿ ಯಾರು, ಗಂಡಸತ್ತಾಕಿ ಯಾರು ಗೊತ್ತಾಗೂದಿಲ್ರಿ. ಅವಕ್ಕ ನಿಮ್ಮ ಕೈ ಅಷ್ಟ ಗೊತ್ತು.”

ಅಂದಿನಿಂದ ವರ್ಷಕ್ಕೊಮ್ಮೆ, ಈ ಒಂದೇ ಜಾಗದಲ್ಲಿ, ಕಾಳವ್ವನ ಬೆರಳಿಗೆ ಕುಂಕುಮ ಹತ್ತುತ್ತದೆ. ಮನೆಯಲ್ಲಿ ಹತ್ತುವುದಿಲ್ಲ. ಸೌಂದರ್ಯಾಳನ್ನು ಎತ್ತಿ ಆಡಿಸಿದವಳು, ಜಡೆ ಹೆಣೆದು ಸಾಲಿಗೆ ಕಳಿಸಿದವಳು ಅವಳೇ, ಆದರೆ ಮದುವೆಯಲ್ಲಿ ಅಡುಗೆಮನೆ ಬಿಟ್ಟು ಹೊರಗೆ ಬರಲಿಲ್ಲ, ಕುಬಸಕ್ಕೆ ಬೀಗರೂರಿಗೆ ಹೋಗಲೂ ಇಲ್ಲ. ಯಾರೂ ಬರಬೇಡ ಅನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಮೊದಲ ಸಲ ಸೌಂದರ್ಯಾ ಬಸಿರಾಗಿ ತವರಿಗೆ ಬಂದಿದ್ದಾಗ ಕಾಳವ್ವ ಪ್ರೀತಿಗೆ ಅವಳ ನೆತ್ತಿಗೆ ಎಣ್ಣೆ ಹಚ್ಚಿದ್ದಳು. ಅದೇ ವಾರ ಬಸಿರು ಹೋಯಿತು. ಆ ಮಾತನ್ನು ದ್ಯಾಮಣ್ಣನ ಹೆಂಡತಿ ರತ್ನವ್ವ ಬಾಯಿ ಬಿಟ್ಟು ಎಂದೂ ಆಡಲಿಲ್ಲ. ಅವಳು ಕೆಟ್ಟವಳಲ್ಲ, ಹೆದರಿದವಳು. ಆದರೆ ಆಡದ ಮಾತು ಆ ಮನೆಯಲ್ಲಿ ದಿನಾ ಉಣ್ಣಲು ಕೂಡುತ್ತಿತ್ತು, ಕಾಳವ್ವನಿಗೂ ಅದು ಕಾಣುತ್ತಿತ್ತು. ತನ್ನ ಕೈ ಒಳ್ಳೆಯದಲ್ಲ ಎಂದು ಆ ಹೆಂಗಸು ಮುಕ್ಕಾಲು ಪಾಲು ನಂಬಿಬಿಟ್ಟಿದ್ದಳು. ಉಳಿದ ಕಾಲು ಪಾಲನ್ನು ಕಾಯ್ದುಕೊಂಡು ಬಂದದ್ದು ನಮ್ಮ ಪಾನಾಗಳು.

ಈ ಸಲ ಹಬ್ಬದ ಮುಂಚೆ ಅವಳೇ ಕೇಳಿದಳು. “ಶಾಹಿದಾ, ನಿಮ್ಮಪ್ಪ ಇಲ್ಲ. ಈ ವರ್ಷ ನಾ ಬರ್ಲ್ಯೋ, ಬ್ಯಾಡೋ?”

“ಬರ್ದ ಏನ್ರಿ ದೊಡ್ಡವ್ವಾ? ಇಲ್ಲಾಂದ್ರ ಪಾನಾ ನನ್ನ ಮಾತ ಕೇಳೂದಿಲ್ಲ” ಎಂದೆ.

ನವಮಿಯ ಮುಂಜಾನೆ ಬೇಗ ಎದ್ದು ಜೀಪಿಗೆ ಕೈ ಹಚ್ಚಿದೆ. ಹಿಂದಿನ ಸಂಜೆಯೇ ನಾಲ್ಕೂ ಇಂಜೆಕ್ಟರುಗಳಿಗೆ ಸಣ್ಣ ಬಾಟಲಿ ಕಟ್ಟಿ, ಯಾವುದು ಎಣ್ಣೆಯನ್ನು ಹೆಚ್ಚು ಹಿಂದಕ್ಕೆ ಬಿಡುತ್ತದೆಂದು ನೋಡಿದ್ದೆ. ಒಂದನೆಯದರ ಬಾಟಲಿ ಬೇಗ ತುಂಬಿತ್ತು. ಕಳ್ಳ ಸಿಕ್ಕ ಅಂದುಕೊಂಡೆ. ಒಂದನೆಯದನ್ನು ಬದಲಿಸುವುದು, ಉಳಿದ ಮೂರನ್ನು ಕೈಯಲ್ಲೇ ತೊಳೆದು ಕೂರಿಸುವುದು, ಪೂಜೆಯ ಹೊತ್ತಿಗೆ ಬಾನೆಟ್ ಮುಚ್ಚುವುದು ನನ್ನ ಲೆಕ್ಕವಾಗಿತ್ತು. ನಾಲ್ಕನ್ನೂ ಹೊರಗೆಳೆದು, ಒರೆಸಿ, ಬೆಂಚಿನ ಮೇಲೆ ಬಿಳಿ ಅರಿವೆ ಹಾಸಿ ಸರದಿಯಂತೆ ಮಲಗಿಸಿದೆ. ಆಗ ನೋಡಿದರೆ ಅವುಗಳ ಬುಡಕ್ಕೆ ಹಾಕುವ ತಾಮ್ರದ ವಾಷರ್ ತೀರಿಹೋಗಿವೆ. ಹಳೆಯದನ್ನೇ ಹಾಕುವ ಜಾತಿ ನನ್ನದಲ್ಲ. ಅಂಗಡಿಗಳು ಪೂಜೆಗೆ ಮುಚ್ಚುವ ಮೊದಲು ತರೋಣವೆಂದು ಬೈಕ್ ಹತ್ತಿ ಕೇಶ್ವಾಪುರಕ್ಕೆ ಓಡಿದೆ. ಅಲ್ಲಿ ಅಂಗಡಿಯವನು ಕುಂಬಳಕಾಯಿ ಒಡೆಯದೆ ಹಣದ ಗಲ್ಲೆ ಮುಟ್ಟುವುದಿಲ್ಲವೆಂದು ಕುಳಿತಿದ್ದ, ಹೊತ್ತಾಯಿತು.

ತಿರುಗಿ ಬಂದರೆ ವರ್ಕ್‌ಶಾಪಿನಲ್ಲಿ ಊದಿನಕಡ್ಡಿಯ ವಾಸನೆ. ಕಾಳವ್ವ ಹೊತ್ತಿಗೆ ಮೊದಲೇ ಬಂದು ಪೂಜೆ ಮುಗಿಸಿದ್ದಳು. ಪಾನಾಗಳೆಲ್ಲ ಸಾಲಾಗಿ ಮಲಗಿ ಹಣೆಗೆ ಕುಂಕುಮ ಇಟ್ಟುಕೊಂಡಿದ್ದವು. ಕಂಪ್ರೆಸರಿಗೆ ಚೆಂಡುಹೂವಿನ ಮಾಲೆ ಬಿದ್ದಿತ್ತು. ಬೆಂಚಿನ ನಡುವೆ ಕಬ್ಬಿಣ ಕಚ್ಚಿ ಹಿಡಿಯುವ ವೈಸಿನ ಸುತ್ತ ದ್ಯಾಮಣ್ಣನ ಜೀಪಿನ ನಾಲ್ಕು ಇಂಜೆಕ್ಟರುಗಳು ದೇವರ ಸುತ್ತಲಿನ ಪರಿವಾರದಂತೆ ನೆಟ್ಟಗೆ ನಿಂತಿದ್ದವು. ಪ್ರತಿಯೊಂದರ ಮೈಮೇಲೆ, ಮೂತಿಯವರೆಗೂ, ಮೂರು ಬೆರಳಿನ ವಿಭೂತಿ, ತಲೆಗೆ ಎಣ್ಣೆಯಲ್ಲಿ ಕಲಸಿದ ಕುಂಕುಮ, ಎಣ್ಣೆ ಒಳಗೆ ಹೋಗುವ ಬಾಯಿಗೆ ಒಂದೊಂದು ಚೆಂಡುಹೂ.

ವಾಷರಿನ ಪೊಟ್ಟಣ ಕೆಳಗಿಟ್ಟು ಹತ್ತಿರ ಹೋದೆ.

ಸರದಿ ತಪ್ಪಿದ್ದು ದೊಡ್ಡ ಮಾತಲ್ಲ. ಪ್ರತಿ ಇಂಜೆಕ್ಟರಿನ ತಲೆಯ ಮೇಲೂ ಅದರದೇ ಸಂಕೇತ ಕೊರೆದಿರುತ್ತದೆ, ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡಿದ್ದೆ. ಕಷ್ಟ ಇದ್ದದ್ದು ಕುಂಕುಮದಲ್ಲಿ. ಬರಿಗಣ್ಣಿಗೆ ಕಾಣದ ಕಸಕ್ಕೇ ಕೆಡುವ ಸಾಮಾನಿನ ಬಾಯೊಳಗೆ ಎಣ್ಣೆಗುಂಕುಮ ಮತ್ತು ಹೂವಿನ ಎಸಳು ತುರುಕಿದರೆ ಅದನ್ನು ಕೈಯಲ್ಲಿ ತೊಳೆಯಲಾಗುವುದಿಲ್ಲ, ಗಾಳಿ ಊದಿದರೆ ಇನ್ನೂ ಒಳಗೆ ಹೋಗುತ್ತದೆ. ನಾಲಿಗೆಯ ತುದಿಗೆ ಬೈಗುಳ ಬಂದು ನಿಂತಿತ್ತು. ಬೇರೆ ಯಾರಾದರೂ ಆಗಿದ್ದರೆ ಆ ಬೈಗುಳ ನವನಗರದವರೆಗೆ ಕೇಳಿಸುತ್ತಿತ್ತು.

ಕಾಳವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ತಿರುಗಿದಳು. ವರ್ಷಕ್ಕೊಮ್ಮೆ ಮಾತ್ರ ಕಾಣುವ ಗೆಲುವಿನ ಮುಖ ಅದು.

“ಛಲೋ ಕಾಣಸ್ತಾವಲ್ಲೋ ಶಾಹಿದಾ? ಈ ನಾಕು ಹೊಸಾವೇನು? ನಿಮ್ಮಪ್ಪನ ಕಾಲಕ್ಕ ಇದ್ದಿದ್ದಿಲ್ಲ. ಅರಿವಿ ಹಾಸಿ ಪ್ರೀತಿಲೆ ಮಲಗಿಸಿದ್ದಿ, ಅದಕ್ಕ ನಡುವ ಕೂಡಿಸೀನಿ.”

ಅಬ್ಬಾನ ನೇಮ ಹುಚ್ಚಲ್ಲವೆಂದು ನನಗೆ ಆಗ ತಿಳಿಯಿತು. ಅವಳ ಪಾಲಿಗೆ ಆ ದಿನ ಈ ಚಪ್ಪರದಡಿ ಇರುವ ಕಬ್ಬಿಣವೆಲ್ಲ ಪೂಜೆಯ ಸಾಮಾನೇ. ಅದಕ್ಕೇ ಅಬ್ಬಾ ಬೇರೆ ಕಬ್ಬಿಣ ಇಡುತ್ತಿರಲಿಲ್ಲ.

“ಭಾಳ ಛಲೋ ಕಾಣಸ್ತಾವ ದೊಡ್ಡವ್ವಾ” ಎಂದೆ.

ಬಿಸಿತುಪ್ಪ ನುಂಗಿದ ಹಾಗಾಯಿತು. ಹೇಳಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಬಸುರಿ ಹುಡುಗಿಯನ್ನು ತರಬೇಕಾದ ಗಾಡಿ, ಅದರ ಎದೆಯೊಳಗಿನ ಸಾಮಾನಿಗೆ ಕಾಳವ್ವನ ಕೈ ಹತ್ತಿ ಕೆಟ್ಟಿತು ಎಂದಾದರೆ ರತ್ನವ್ವ ಏನೂ ಅನ್ನಬೇಕಾಗಿಲ್ಲ. ಕಾಳವ್ವನೇ ಸಾಕು. ಉಳಿದ ಆ ಕಾಲು ಪಾಲೂ ಹೋಗುತ್ತದೆ, ಮುಂದಿನ ವರ್ಷ ಯಾರು ಬಾಗಿಲಿಗೆ ಹೋಗಿ ನಿಂತರೂ ಅವಳು ಬರುವುದಿಲ್ಲ.

ಅವಳು ಮನೆಗೆ ಹೋಗುವವರೆಗೆ ಕಾದು, ನಾಲ್ಕನ್ನೂ ಎತ್ತಿ ಅರಿವೆಯಲ್ಲಿ ಸುತ್ತಿಕೊಂಡೆ. ಸಂಜೆ ದೀಪ ಹಚ್ಚಲು ಬಂದಾಗ ಜಾಗ ಖಾಲಿ ಕಾಣಬಾರದಲ್ಲ? ಗುಜರಿ ಡಬ್ಬಿಯಿಂದ ನಾಲ್ಕು ಹಳೆಯ ಇಂಜೆಕ್ಟರ್ ಹುಡುಕಿ ವೈಸಿನ ಸುತ್ತ ನಿಲ್ಲಿಸಿದೆ. ಹೂ ಮುಡಿಸಿದೆ. ಅವಳ ತಟ್ಟೆಯಲ್ಲಿ ಉಳಿದಿದ್ದ ಕುಂಕುಮ ವಿಭೂತಿಗಳನ್ನು ನನ್ನ ಕೈಯಿಂದಲೇ ಹಚ್ಚಿದೆ. ಯಾರಾದರೂ ನೋಡಿದ್ದರೆ ಶಾಹಿದನಿಗೆ ತಲೆ ಕೆಟ್ಟಿತು ಅನ್ನುತ್ತಿದ್ದರು.

ಗೋಕುಲ ರೋಡಿನಲ್ಲಿ ಅಮೀನಸಾಬನ ಲ್ಯಾಬ್ ಇದೆ. ಇಂಜೆಕ್ಟರನ್ನು ಯಂತ್ರಕ್ಕೆ ಕಟ್ಟಿ, ಗಾಜಿನೊಳಗೆ ಅದು ಹೇಗೆ ಚಿಮ್ಮುತ್ತದೆಂದು ನೋಡಿ ಹೇಳುವವನು ಅವನು. ಅವನ ಯಂತ್ರಕ್ಕೂ ಮಾಲೆ ಬಿದ್ದಿತ್ತು, ಆದರೆ ಕೊನೆಯ ಗಿರಾಕಿ ಹೋಗುವವರೆಗೆ ಕುಂಕುಮ ಹಚ್ಚಲು ಅವನು ಯಾರನ್ನೂ ಬಿಡುವುದಿಲ್ಲ. ನಾನು ಗಂಟು ಬಿಚ್ಚಿದೆ.

“ಏನಲೇ ಇದು, ಇಂಜೆಕ್ಟರ್ ಲಗ್ನಾ ಮಾಡೀಯೇನು?” ಎಂದು ಬಿದ್ದು ಬಿದ್ದು ನಕ್ಕ.

“ನಗಬ್ಯಾಡ. ತೊಳೀ ಮೊದಲ.”

ನಗುತ್ತಲೇ ಒಂದೊಂದನ್ನು ಎತ್ತಿ ನೋಡುತ್ತಿದ್ದವನು ಒಂದರ ಹತ್ತಿರ ನಿಂತ. ಉಳಿದ ಮೂರರ ಮೂತಿಯ ಮೇಲಿನ ವಿಭೂತಿ ಒಣಗಿ ಬಿಳಿಯಾಗಿತ್ತು. ಆ ಒಂದರ ಮೂತಿಯ ಮೇಲಿನದು ಮಾತ್ರ ಹಸಿಯಾಗಿ ಕಪ್ಪಾಗಿತ್ತು. ಒಳಗೆ ಉಳಿದ ಎಣ್ಣೆ ಒಸರಿತ್ತು.

“ಇದ್ಯಾವುದು?”

ತಲೆಯ ಕುಂಕುಮ ಒರೆಸಿ ಫೋಟೋಕ್ಕೆ ತಾಳೆ ನೋಡಿದೆ. ಮೂರನೆಯದು. ನಾನು ಕಳ್ಳ ಎಂದು ಹಿಡಿದದ್ದು ಒಂದನೆಯದನ್ನು.

ಅಮೀನಸಾಬ ನಾಲ್ಕನ್ನೂ ತೊಳೆದು ಯಂತ್ರಕ್ಕೆ ಕಟ್ಟಿದ. ಒಂದನೆಯದರಲ್ಲಿ ಇದ್ದದ್ದು ಬರಿ ಕಸ, ತೊಳೆದ ಮೇಲೆ ಅದು ಮಂಜಿನ ಹಾಗೆ ಚಿಮ್ಮಿತು. ಎರಡು, ನಾಲ್ಕು ಸರಿಯಾಗಿದ್ದವು. ಮೂರನೆಯದು ಚಿಮ್ಮಿ ನಿಂತ ಮೇಲೂ ಮೂತಿಯಿಂದ ಹನಿ ಹನಿ ಸುರಿಸುತ್ತಲೇ ಇತ್ತು. ಎಷ್ಟು ತೊಳೆದರೂ ಬಿಡಲಿಲ್ಲ. ಬಾಟಲಿಯ ಪರೀಕ್ಷೆಯಲ್ಲಿ ಈ ರೋಗ ಸಿಗುವುದಿಲ್ಲ, ಯಂತ್ರಕ್ಕೆ ಹಾಕಿದರೆ ಮಾತ್ರ ಸಿಗುತ್ತದೆ. ನಾನು ಯಂತ್ರಕ್ಕೆ ತರುವವನೇ ಇರಲಿಲ್ಲ, ಹಬ್ಬದ ಗಡಿಬಿಡಿಯಲ್ಲಿ ಒಂದನೆಯದನ್ನು ಬದಲಿಸಿ, ಮೂರನೆಯದನ್ನು ಹಾಗೆಯೇ ಕೂರಿಸುವವನಿದ್ದೆ.

“ಹಂಗ ಕೂಡಿಸಿದ್ರ?” ಎಂದು ಕೇಳಿದೆ, ಉತ್ತರ ಗೊತ್ತಿದ್ದೂ.

“ಹೋಗೂವಾಗ ತಡೀತಿತ್ತೇನೋ. ಬರೂವಾಗ ಪಿಸ್ಟನ್ನಿಗೆ ತೂತು ಬಿದ್ದು ನಡು ಹಾದ್ಯಾಗ ಕೂಡ್ತಿತ್ತು.”

ನಡು ಹಾದಿಯಲ್ಲಿ, ಎರೆಹೊಲಗಳ ನಡುವೆ, ತುಂಬಿದ ಬಸುರಿ.

“ಹಂಗಾರ ಆ ಈಬತ್ತಿ ಹಚ್ಚಿದ್ದು ಛಲೋ ಆತು” ಎಂದೆ.

“ಈಬತ್ತಿ ಏನ್ ಮಾಡೇತಲೇ? ಹಿಡದಿದ್ದು ನನ್ನ ಯಂತ್ರ.”

“ನಿನ್ನ ಯಂತ್ರದ ಮುಂದ ನನ್ನನ್ನ ತಂದು ನಿಲ್ಲಿಸಿದಾವ್ರು ಯಾರು?”

ಅಮೀನಸಾಬ ಮೂರನೆಯದರ ಬದಲಿಗೆ ಬೇರೊಂದನ್ನು ಪರೀಕ್ಷೆ ಮಾಡಿ ಕೊಟ್ಟ. ಕೆಟ್ಟದ್ದನ್ನು ನಾನು ಜೇಬಿನಲ್ಲಿ ಹಾಕಿಕೊಂಡೆ. ಅದರ ಮೂತಿ ತೊಳೆದಿದ್ದರೂ ಮೈಮೇಲಿನ ವಿಭೂತಿಯ ಗೆರೆಗಳು ಅರೆಬರೆ ಉಳಿದಿದ್ದವು.

ಸಂಜೆಯೇ ಕೂರಿಸಿಬಿಡಬಹುದಿತ್ತು. ಆದರೆ ಪಾನಾ ಮಲಗಿದ್ದವು. ಬಾನೆಟ್ ಎತ್ತಿ, ಹತ್ತನೇ ನಂಬರಿನ ಪಾನಾದ ಕಡೆಗೆ ಕೈ ಚಾಚಿ, ಅದರ ಕುಂಕುಮ ನೋಡಿ ಕೈ ಹಿಂದೆ ತೆಗೆದೆ. ನಾನು ಇದನ್ನೆಲ್ಲ ನಂಬುವವನಲ್ಲ. ಆದರೂ ಅಬ್ಬಾ ಅಲ್ಲೇ ಕುರ್ಚಿಯಲ್ಲಿ ಕೂತು ನೋಡುತ್ತಿದ್ದಾನೆ ಅನ್ನಿಸಿ ಮನೆಗೆ ಹೋದೆ.

ದಶಮಿಯ ಮುಂಜಾನೆ ಬಿಸಿಲು ಏಳುವ ಮೊದಲೇ ಎಲ್ಲರೂ ನೆರೆದರು. ದ್ಯಾಮಣ್ಣ ಹೊಸ ಅಂಗಿ ತೊಟ್ಟು ಜೀಪಿನ ಗಾಜು ಒರೆಸುತ್ತಿದ್ದ. ರತ್ನವ್ವ ಇಳಕಲ್ ಸೀರೆ ಉಟ್ಟು, ಮಗಳಿಗೆ ತುಂಬಬೇಕಾದ ಉಡಿಯ ಸಾಮಾನಿನ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಆಗಲೇ ಮುಂದಿನ ಸೀಟಿನಲ್ಲಿ ಕುಳಿತಿದ್ದಳು. ಕಾಳವ್ವ ತಂಬಿಗೆಯಲ್ಲಿ ನೀರು ಹಿಡಿದು ಪಾನಾ ಎಬ್ಬಿಸಲು ಬಂದಳು. ಬೆಂಚಿನ ಹತ್ತಿರ ಬಂದವಳು ನಾನು ನಿಲ್ಲಿಸಿದ್ದ ನಾಲ್ಕು ಗುಜರಿ ಇಂಜೆಕ್ಟರುಗಳ ಮುಂದೆ ನಿಂತುಬಿಟ್ಟಳು.

“ಇದು ನನ್ನ ಕೈ ಅಲ್ಲ” ಎಂದಳು, ನನಗಷ್ಟೇ ಕೇಳುವಂತೆ.

“ಯಾಕ್ರೀ?”

“ನಾ ಮೂರು ಬಟ್ಟು ಕೂಡಿಸಿ ಅಡ್ಡ ಎಳೀತೇನಿ. ಇದನ್ನ ಯಾರೋ ಹೆಬ್ಬಟ್ಟಲೆ ತಿಕ್ಕ್ಯಾರ, ಗಿರೀಸ್ ಹಚ್ಚಿದಂಗ.”

ಸಂಜೆಯ ಮಬ್ಬಿನಲ್ಲಿ ಕಾಣದ್ದು ಬೆಳಕಿನಲ್ಲಿ ಕಂಡಿತ್ತು. ನಲವತ್ತು ದಾಟಿದ ಗಂಡಸು, ಕಳ್ಳತನ ಮಾಡಿ ಸಿಕ್ಕ ಹುಡುಗನ ಹಾಗೆ ನಿಂತೆ. ಅವಳು ನನ್ನ ಕೈಯಲ್ಲಿದ್ದ ಅರಿವೆಯ ಗಂಟನ್ನು ನೋಡಿದಳು, ಬಾನೆಟ್ ತೆರೆದ ಜೀಪನ್ನು ನೋಡಿದಳು. ಎಲ್ಲ ತಿಳಿಯಿತು ಅವಳಿಗೆ.

“ಅವು ಗಾಡಿ ಸಾಮಾನೇನು? ನಾ ಮುಟ್ಟಬಾರದ್ದು ಮುಟ್ಟಿದ್ನೇನು ಶಾಹಿದಾ?”

“ಆಮ್ಯಾಲೆ ಹೇಳ್ತೇನಿ. ಮೊದಲ ಪಾನಾ ಎಬ್ಬಸ್ರಿ.”

ಎಬ್ಬಿಸಿದಳು. ನೀರು ಚಿಮುಕಿಸಿ, ಒಂದೊಂದನ್ನೂ ಮುಟ್ಟಿ, ಹೊಸದಾಗಿ ಕುಂಕುಮ ಇಟ್ಟು, ಕಣ್ಣಿಗೆ ಒತ್ತಿಕೊಂಡಳು. ಪ್ರತಿ ವರ್ಷ ಏನಾದರೂ ಹಾಡು ಗುನುಗುತ್ತಿದ್ದಳು, ಈ ಸಲ ದನಿ ಇರಲಿಲ್ಲ. ನಾನು ಅವಳಿಟ್ಟ ಪಾನಾಗಳನ್ನೇ ಎತ್ತಿಕೊಂಡು ನಾಲ್ಕನ್ನೂ ಕೂರಿಸಿದೆ. ಹೊಸ ವಾಷರ್ ಹಾಕಿದೆ. ಬದಲಿಸಿದ ಮೂರನೆಯದರ ಸಂಕೇತವನ್ನು ಗಾಡಿಯ ಕಂಪ್ಯೂಟರಿಗೆ ಕೊಟ್ಟೆ. ಅಷ್ಟರಲ್ಲಿ ಕಾಳವ್ವ ಬಾಗಿಲ ಮರೆಗೆ ಸರಿದಿದ್ದಳು. ಒಳ್ಳೆಯ ಕೆಲಸಕ್ಕೆ ಹೊರಟವರ ಎದುರಿಗೆ ತಾನು ಬರಬಾರದೆಂದು ಅವಳು ಯಾವಾಗಲೂ ಅಲ್ಲೇ ನಿಲ್ಲುತ್ತಾಳೆ.

“ಹಚ್ಚು” ಎಂದೆ.

ದ್ಯಾಮಣ್ಣ ಕೀಲಿ ತಿರುವಿದ. ಎಂಜಿನ್ ತಿರುಗಿತು, ಹತ್ತಲಿಲ್ಲ. ಮತ್ತೆ ತಿರುವಿದ. ಹತ್ತಲಿಲ್ಲ. ಪೈಪುಗಳನ್ನು ಬಿಚ್ಚಿ ಕೂರಿಸಿದ ಮೇಲೆ ಅವುಗಳಲ್ಲಿ ಗಾಳಿ ಇರುತ್ತದೆ, ಅದು ಹೋಗಿ ಎಣ್ಣೆ ತುಂಬುವವರೆಗೆ ಹೀಗೇ. ನನಗೆ ಗೊತ್ತಿತ್ತು. ರತ್ನವ್ವನಿಗೆ ಹೇಗೆ ಗೊತ್ತಾಗಬೇಕು? ಅವಳು ಬುಟ್ಟಿಯನ್ನು ಎದೆಗೆ ಒತ್ತಿಕೊಂಡಳು.

“ಹೊಂಡೂ ಹೊತ್ತಿನ್ಯಾಗ ಏನಿದು ಶಿವನ? ಯಾರ ಕೈ ತಾಕಿತೋ ಏನೋ” ಎಂದಳು. ಯಾರಿಗೂ ಅಂದದ್ದಲ್ಲ, ಹೆದರಿಕೆ ಬಾಯಿಗೆ ಬಂದದ್ದು.

ಕಾಳವ್ವ ಬಾಗಿಲ ಮರೆಯಿಂದ ಹೊರಗೆ ಬಂದಳು.

“ನಂದ ಕೈ ರತ್ನಾ” ಎಂದಳು. “ನಿನ್ನೆ ಗೊತ್ತಿಲ್ದ ಅದರೊಳಗಿನ ಸಾಮಾನಿಗೆ ಕುಂಕಮ ಹಚ್ಚೇನಿ. ಶಾಹಿದ ನನ್ನ ಮಾರಿ ನೋಡಿ ಮುಚ್ಚಿಟ್ಟಾನ. ನೀವು ಬ್ಯಾರೆ ಗಾಡಿ ಮಾಡ್ರಿ. ಇದರಾಗ ಹುಡುಗಿನ್ನ ಕೂಡಸಬ್ಯಾಡ್ರಿ. ನಾ ಇನ್ನ ಯಾತಕ್ಕೂ ಕೈ ಹಚ್ಚೂದಿಲ್ಲ.”

ದ್ಯಾಮಣ್ಣನ ಕೈ ಕೀಲಿಯಿಂದ ಜಾರಿತು. ಕಾಳವ್ವ ಅಳಲಿಲ್ಲ, ಅತ್ತಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ. ತನಗೆ ಮೊದಲೇ ಗೊತ್ತಿತ್ತು ಎಂಬ ಹಾಗೆ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತಳು.

“ಸಾಕ್ ಮಾಡ್ರಿ ಎಲ್ಲಾರೂ!” ಎಂದು ಕಿರುಚಿದೆ. ಗಿರಣಿಯವನು ಹೊರಗೆ ಬಂದ. “ನಂದ ಕೈ, ನಿಂದ ಕೈ! ಎಂಜಿನ್ನಿಗೆ ನಿಮ್ಮ ಮನ್ಯಾಗಿನ ಕಥಿ ಗೊತ್ತಿಲ್ಲ. ಪೈಪಿನ್ಯಾಗ ಗಾಳಿ ಐತಿ, ಅದಕ್ಕ ಹತ್ತವಲ್ದು.” ಜೇಬಿನಿಂದ ಕೆಟ್ಟ ಇಂಜೆಕ್ಟರನ್ನು ತೆಗೆದು ರತ್ನವ್ವನ ಕೈಗೆ ಕೊಟ್ಟೆ. “ಇದನ್ನ ನೋಡ್ರಿ. ಇದು ನಿಮ್ಮ ಗಾಡೀದು, ಮೂರನೇದು. ಒಳಗ ಸೋರಾಕತ್ತಿತ್ತು. ನನಗ ಗೊತ್ತಾಗಿದ್ದಿಲ್ಲ. ಬ್ಯಾರೇದನ್ನ ಬದಲಿ ಮಾಡಿ ಇದನ್ನ ಹಂಗ ಕೂಡಸಾಂವಿದ್ದೆ ನಾ. ದೊಡ್ಡವ್ವ ಕುಂಕಮ ಹಚ್ಚಿದ್ಲು ಅಂತ ಅಮೀನಸಾಬನ ಕಡೆ ತೊಳಸಾಕ ಒಯ್ದೆ. ನಾಕರಾಗ ಇದೊಂದರ ಮೂತಿಮ್ಯಾಲಿನ ಈಬತ್ತಿ ಹಸೀ ಆಗಿತ್ತು, ಅವಾಗ ಸಿಕ್ಕಿತು. ಆಕಿ ಹಚ್ಚಿರಲಿಲ್ಲಾಂದ್ರ ಇದು ಸಿಗ್ತಿದ್ದಿಲ್ಲ. ನಿಮ್ಮ ಮಗಳು ಇವತ್ತ ಸಂಜಿಗೆ ಕುಂದಗೋಳದ ಹಾದ್ಯಾಗ ನಿಂತಿರ್ತಿದ್ಲು. ಕೆಟ್ಟ ಕೈ ಅಂತ, ಕೆಟ್ಟ ಕೈ! ದ್ಯಾಮಣ್ಣಾ, ಕೀಲಿ ತಿರವು. ನಾ ಹೇಳೂತನಕ ಬಿಡಬ್ಯಾಡ.”

ದ್ಯಾಮಣ್ಣ ತಿರುವಿ ಹಿಡಿದ. ಎಂಜಿನ್ ಗುರುಗುಟ್ಟಿತು, ಒಮ್ಮೆ ಕೆಮ್ಮಿತು, ಜೀಪು ಮೈ ಝಾಡಿಸಿತು, ಆಮೇಲೆ ಹತ್ತಿತು. ಸ್ವಲ್ಪ ಬಿಳಿ ಹೊಗೆ ಬಂದು ನಿಂತಿತು. ಆಮೇಲೆ ಹೊಲಿಗೆ ಯಂತ್ರದ ಹಾಗೆ ಒಂದೇ ಸಮ ನಡೆಯತೊಡಗಿತು.

ರತ್ನವ್ವ ಆ ಇಂಜೆಕ್ಟರನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಅದರ ಮೈಮೇಲಿನ ಅರ್ಧ ಅಳಿಸಿದ ವಿಭೂತಿಯ ಗೆರೆಗಳ ಮೇಲೆ ಹೆಬ್ಬೆರಳು ಆಡಿಸಿದಳು. ನನ್ನ ಮಾತಿನಿಂದ ಅವಳಿಗೆ ಬುದ್ಧಿ ಬಂತೆಂದು ನಾನು ಕೊಚ್ಚಿಕೊಳ್ಳುವುದಿಲ್ಲ. ಅವಳ ಹೆದರಿಕೆ ಎಲ್ಲಿಗೂ ಹೋಗಿರಲಿಲ್ಲ, ಮಗ್ಗುಲು ಬದಲಿಸಿತ್ತು ಅಷ್ಟೇ. ಇಷ್ಟು ದಿನ ಆ ಕೈ ಮಗಳಿಗೆ ತಾಕೀತೆಂದು ಹೆದರುತ್ತಿದ್ದವಳು, ಈಗ ತಾಕದೆ ಹೋದೀತೆಂದು ಹೆದರಿದಳು. ನನಗೆ ಅಷ್ಟೇ ಸಾಕಾಗಿತ್ತು. ಬುಟ್ಟಿಯನ್ನು ಸೀಟಿನ ಮೇಲಿಟ್ಟು ಕೆಳಗಿಳಿದಳು.

“ಅಕ್ಕಾ, ಬರ್ರಿ. ಮುಂದ ಕೂಡ್ರಿ. ನಾ ಹಿಂದ ಕೂಡ್ತೇನಿ.”

ಕಾಳವ್ವ ಅಲುಗಲಿಲ್ಲ. “ನಾ ಎಲ್ಲೆ ಬರ್ಲೇ? ಉಡಿ ತುಂಬೂ ಕೆಲಸಕ್ಕ ನಾ ಬರಬಾರದು.”

“ಈ ಕಬ್ಬಿಣಕ್ಕ ಹಚ್ಚಿದ ಕೈ, ನನ್ನ ಮಗಳ ಹಣಿಗೆ ಹಚ್ಚಾಕ ಬ್ಯಾಡೇನು?” ಎಂದಳು ರತ್ನವ್ವ. “ಆಕಿಗೆ ನೀವ ಹಚ್ಚರಿ. ನೀವ ಉಡಿ ತುಂಬರಿ. ಬೀಗರು ಏನರ ಅಂದ್ರ ನಾ ಮಾತಾಡ್ತೇನಿ.”

“ಬರ್ರಿ ವೈನಿ” ಎಂದ ದ್ಯಾಮಣ್ಣ ಒಳಗಿನಿಂದ. ಅವನು ಅಷ್ಟೇ ಅಂದದ್ದು, ಮುಖ ಮಾತ್ರ ಆ ಕಡೆ ತಿರುಗಿಸಿಕೊಂಡಿದ್ದ.

ಕಾಳವ್ವ ಸೆರಗಿನೊಳಗಿಂದ ಕೈ ಹೊರಗೆ ತೆಗೆದು ನೋಡಿಕೊಂಡಳು. ಪಾನಾ ಎಬ್ಬಿಸಿದ ಕುಂಕುಮ ಬೆರಳುಗಳಿಗೆಲ್ಲ ಹತ್ತಿತ್ತು. ಬೆಂಚಿನ ಮೇಲಿನ ತಂಬಿಗೆಯ ಕಡೆಗೆ ತಿರುಗಿದಳು.

“ತಡೀ, ಕೈ ತೊಳಕೊಂಡು ಬರ್ತೇನಿ.”

“ತೊಳೀಬ್ಯಾಡ್ರಿ ಅಕ್ಕಾ” ಎಂದಳು ರತ್ನವ್ವ, ಜೀಪಿನ ಬಾಗಿಲು ಹಿಡಿದು ನಿಂತು. “ಹಂಗ ಬರ್ರಿ.”